ತಂತಿಗಳ ಅಲ್ಟ್ರಾಸಾನಿಕ್ ಬೆಸುಗೆ: ಸೆಟ್ಟಿಂಗ್ ಒಂದೇ ಇದ್ದರೂ ಕೆಲವು ಜೋಡಣೆಗಳು ಏಕೆ ಬಿಟ್ಟುಕೊಳ್ಳುತ್ತವೆ?

ಪ್ರಶ್ನೆ: ಪೀಣ್ಯದಲ್ಲಿ ದ್ವಿಚಕ್ರ ವಾಹನಗಳ ವೈರಿಂಗ್ ಹಾರ್ನೆಸ್ (ವಾಹನದ ವೈರುಗಳ ಸಿದ್ಧ ಕಟ್ಟು) ತಯಾರಿಸುವ ಸಣ್ಣ ಘಟಕ ನಮ್ಮದು. ಹಲವು ವೈರುಗಳು ಸೇರುವ ಸ್ಪ್ಲೈಸ್‌ಗಳನ್ನು ಇದುವರೆಗೆ ಕ್ಲಿಪ್ ಹಾಕಿ ಕ್ರಿಂಪ್ ಮಾಡುತ್ತಿದ್ದೆವು, ಕೆಲವೆಡೆ ಸೋಲ್ಡರ್ ಮಾಡುತ್ತಿದ್ದೆವು. ಗ್ರಾಹಕ ಕಂಪನಿಯವರು ಅಲ್ಟ್ರಾಸಾನಿಕ್ ವೆಲ್ಡಿಂಗ್ ಬೇಕೆಂದು ಹೇಳಿರುವುದರಿಂದ 20 ಕಿಲೋಹರ್ಟ್ಜ್‌ನ ಯಂತ್ರವೊಂದನ್ನು ಬಾಡಿಗೆಗೆ ತಂದು ನೋಡುತ್ತಿದ್ದೇವೆ. ಸೆಟ್ಟಿಂಗ್ ಮುಟ್ಟದಿದ್ದರೂ ಕೆಲವು ಜೋಡಣೆಗಳು ಗಟ್ಟಿಯಾಗಿರುತ್ತವೆ, ಇನ್ನು ಕೆಲವು ಕೈಯಲ್ಲಿ ಎಳೆದರೆ ಬಿಟ್ಟುಕೊಳ್ಳುತ್ತವೆ. ಲೋಹ ಕರಗದೆ ಹೇಗೆ ಬೆಸೆದುಕೊಳ್ಳುತ್ತದೆ? ಈ ವ್ಯತ್ಯಾಸಕ್ಕೆ ಕಾರಣವೇನು? ತವರ ಲೇಪಿಸಿದ ತಂತಿಗೂ ಅಲ್ಯೂಮಿನಿಯಂ ತಂತಿಗೂ ಈ ವಿಧಾನ ಆಗುತ್ತದೆಯೇ? ಸ್ವಂತ ಯಂತ್ರ ಕೊಳ್ಳುವುದು ಸರಿಯೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಮೊದಲನೆಯದರಲ್ಲಿಯೇ ಇರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಸೋಲ್ಡರಿನಲ್ಲಿ ಮೂರನೆಯ ಲೋಹವೊಂದು ಕರಗಿ ಎರಡು ತಂತಿಗಳ ನಡುವೆ ಹರಿಯುತ್ತದೆ. ಕ್ರಿಂಪಿನಲ್ಲಿ ಹೊರಗಿನ ಹಿಡಿಕೆಯೊಂದು ಎಳೆಗಳನ್ನು ಬಿಗಿಹಿಡಿಯುತ್ತದೆ. ಅಲ್ಟ್ರಾಸಾನಿಕ್ ವೆಲ್ಡಿಂಗ್‌ನಲ್ಲಿ ಇವೆರಡೂ ಇಲ್ಲ. ತಾಮ್ರದ ಎಳೆಗಳು ತಾವು ತಾವೇ ಒಂದನ್ನೊಂದು ಉಜ್ಜಿ, ಮೈಮೇಲಿನ ಕೊಳೆಯನ್ನೂ ಆಕ್ಸೈಡನ್ನೂ ಒಡೆದು ಹೊರಗೆ ತಳ್ಳಿ, ಶುದ್ಧ ಲೋಹಕ್ಕೆ ಶುದ್ಧ ಲೋಹ ತಾಗಿದಾಗ ಬೆಸೆದುಕೊಳ್ಳುತ್ತವೆ. ಹೊರಗಿನಿಂದ ಸೇರಿಸುವ ವಸ್ತು ಯಾವುದೂ ಇಲ್ಲದ ಕಾರಣ, ತಂತಿಯ ಮೇಲ್ಮೈ ಹೇಗಿದೆಯೋ ಜೋಡಣೆಯೂ ಹಾಗೆಯೇ ಆಗುತ್ತದೆ. ಆದ್ದರಿಂದ ಸೆಟ್ಟಿಂಗ್ ಒಂದೇ ಇದ್ದು ಫಲಿತಾಂಶ ಬೇರೆಯಾದಾಗ, ಯಂತ್ರವನ್ನು ಬಿಚ್ಚುವ ಮೊದಲು ಯಂತ್ರದೊಳಗೆ ಹೋಗುತ್ತಿರುವ ತಂತಿಯನ್ನೂ ಅದಕ್ಕೆ ಬರುತ್ತಿರುವ ಗಾಳಿಯನ್ನೂ ಪರೀಕ್ಷಿಸಬೇಕು.

ಯಂತ್ರದೊಳಗೆ ನಡೆಯುವುದು ಇಷ್ಟು. ಮನೆಗೂ ಕಾರ್ಖಾನೆಗೂ ಬರುವ 50 ಹರ್ಟ್ಜ್‌ನ ವಿದ್ಯುತ್ತನ್ನು ಜನರೇಟರ್ ಎಂದು ಕರೆಯಲಾಗುವ ಪೆಟ್ಟಿಗೆ 20,000 ಹರ್ಟ್ಜ್‌ಗೆ ಬದಲಾಯಿಸುತ್ತದೆ. ವಿದ್ಯುತ್ ಹಾಯಿಸಿದಾಗ ತುಸುವೇ ಹಿಗ್ಗಿ ಕುಗ್ಗುವ ಪಿಂಗಾಣಿಯಂಥ ಬಿಲ್ಲೆಗಳು ಟ್ರಾನ್ಸ್‌ಡ್ಯೂಸರಿನಲ್ಲಿರುತ್ತವೆ. ಸೀಸ, ಜಿರ್ಕೋನಿಯಂ ಮತ್ತು ಟೈಟಾನಿಯಂಗಳ ಸಂಯುಕ್ತದಿಂದ ಮಾಡಿದ ಅವು ಈ ವಿದ್ಯುತ್ತನ್ನು ಕಂಪನವಾಗಿ ಪರಿವರ್ತಿಸುತ್ತವೆ. ಆ ಕಂಪನವನ್ನು ಬೂಸ್ಟರ್ ಎಂಬ ಭಾಗ ಹಿಗ್ಗಿಸಿ, ತಂತಿಯನ್ನು ಮುಟ್ಟಿ ಉಜ್ಜುವ ಭಾಗವಾದ ಹಾರ್ನ್‌ಗೆ ಒಪ್ಪಿಸುತ್ತದೆ. ಲೋಹದ ಕೆಲಸದ ಹಾರ್ನ್‌ಗಳನ್ನು ಸಾಮಾನ್ಯವಾಗಿ ಗಡಸು ಟೂಲ್ ಸ್ಟೀಲಿನಿಂದ ಮಾಡುತ್ತಾರೆ. ತಂತಿಯನ್ನು ಕಚ್ಚಿ ಹಿಡಿಯಲು ಅದರ ಮುಖದ ಮೇಲೆ ಸಣ್ಣ ಹಲ್ಲುಗಳಿರುತ್ತವೆ. ಎದುರಿಗೆ ಅಲುಗಾಡದ ಆಧಾರವಾದ ಅನ್ವಿಲ್ ಇರುತ್ತದೆ. ಪ್ಲಾಸ್ಟಿಕ್ ಬೆಸೆಯುವ ಯಂತ್ರದಲ್ಲಿ ಕಂಪನ ಮೇಲಿನಿಂದ ಕೆಳಕ್ಕೆ ಬಡಿಯುತ್ತದೆ. ಲೋಹದಲ್ಲಿ ಹಾಗಲ್ಲ, ಜೋಡಣೆಯ ಮೇಲ್ಮೈಗೆ ಸಮಾನಾಂತರವಾಗಿ, ಆಚೀಚೆ ಉಜ್ಜುವ ಚಲನೆಯೇ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಯಂತ್ರದಲ್ಲಿ ಪಳಗಿದ ಆಪರೇಟರ್ ತಂತಿಯ ಯಂತ್ರಕ್ಕೆ ಬಂದಾಗ ಮೊದಲು ಒತ್ತಡವನ್ನು ಏರಿಸಲು ಹೋಗುವುದಕ್ಕೆ ಈ ವ್ಯತ್ಯಾಸ ತಿಳಿಯದಿರುವುದೇ ಕಾರಣವೆಂದು ನನ್ನ ಅನಿಸಿಕೆ. ಒತ್ತಡ ಅತಿಯಾದರೆ ಎಳೆಗಳು ಅಲುಗಾಡಲಾರದೆ ಉಜ್ಜಾಟವೇ ನಿಂತುಹೋಗುತ್ತದೆ.

ಉಜ್ಜಾಟದ ಅಳತೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಹಾರ್ನ್‌ನ ತುದಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ 50 ಮೈಕ್ರಾನ್ ಸರಿಯುತ್ತದೆ ಎಂದಿಟ್ಟುಕೊಳ್ಳಿ; ಇದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ, ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಸೆಕೆಂಡಿಗೆ 20,000 ಬಾರಿ ಹೋಗಿ ಬರುವುದರಿಂದ, ಅರ್ಧ ಸೆಕೆಂಡಿನ ಒಂದು ವೆಲ್ಡ್‌ನಲ್ಲಿ ಅದು ಒಟ್ಟು 1 ಮೀಟರ್ ದೂರ ಉಜ್ಜಿರುತ್ತದೆ, ಮತ್ತು ಅದರ ಗರಿಷ್ಠ ವೇಗ ಸೆಕೆಂಡಿಗೆ 3 ಮೀಟರಿನಷ್ಟಾಗಿರುತ್ತದೆ. ಇಷ್ಟು ಉಜ್ಜಾಟ ಒತ್ತಡದ ಅಡಿಯಲ್ಲಿ ನಡೆದಾಗ ತಾಮ್ರ ಮೆದುವಾಗಿ ಹರಡಿಕೊಳ್ಳುತ್ತದೆ. ಒಳ್ಳೆಯ ಜೋಡಣೆಯೊಂದನ್ನು ಅಡ್ಡಕ್ಕೆ ಕತ್ತರಿಸಿ, ನಯಗೊಳಿಸಿ, ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ದುಂಡಗಿದ್ದ ಎಳೆಗಳು ಜೇನುಗೂಡಿನ ಕೋಶಗಳಂತೆ ಮೂಲೆ ಮೂಲೆಯಾಗಿ ಒತ್ತರಿಸಿ ಕೂತಿರುತ್ತವೆ. ನಡುವಿನ ಕಪ್ಪು ಸಂದುಗಳು ಬಹುಮಟ್ಟಿಗೆ ಮುಚ್ಚಿಹೋಗಿರುತ್ತವೆ. ಬೆಸುಗೆ ಹಿಡಿಯದ ಜೋಡಣೆಯಲ್ಲಿ ಎಳೆಗಳು ದುಂಡಗೇ ಉಳಿದಿರುತ್ತವೆ. ಹೊರಗಿನಿಂದ ನೋಡಿದರೆ ಇವೆರಡೂ ಅಚ್ಚು ಒತ್ತಿದ ಚೌಕ ತುಂಡಿನಂತೆಯೇ ಕಾಣುತ್ತವೆ ಎಂಬುದೇ ತೊಂದರೆ.

ಮಾರಾಟದವರು ಇದನ್ನು ಕೆಲವೊಮ್ಮೆ ‘ತಣ್ಣನೆಯ ವೆಲ್ಡಿಂಗ್’ ಎಂದು ಹೇಳುವುದುಂಟು. ಆಗಷ್ಟೇ ಹೊರಬಂದ ಜೋಡಣೆಯನ್ನು ಬೆರಳಿನಲ್ಲಿ ಹಿಡಿದರೆ ಆ ಮಾತು ಎಷ್ಟು ಸರಿಯೆಂದು ಗೊತ್ತಾಗುತ್ತದೆ. ಶಾಖ ಹುಟ್ಟುತ್ತದೆ, ಆದರೆ ತಾಮ್ರದ ಕರಗುವ ಬಿಂದುವಾದ 1,085 ಡಿಗ್ರಿ ಸೆಲ್ಸಿಯಸ್‌ಗಿಂತ ಬಹಳ ಕೆಳಗೇ ಉಳಿಯುತ್ತದೆ. ತಾಮ್ರ ಶಾಖವನ್ನೂ ವಿದ್ಯುತ್ತನ್ನೂ ಬಹಳ ಬೇಗ ಸಾಗಿಸುವುದರಿಂದ ಅದನ್ನು ಕರಗಿಸಿ ಬೆಸೆಯುವ ವಿಧಾನಗಳಿಗೆಲ್ಲ ಹೆಚ್ಚು ಶಕ್ತಿ ಬೇಕಾಗುತ್ತದೆ; ಕರಗಿಸುವ ಅಗತ್ಯವೇ ಇಲ್ಲದ ಈ ವಿಧಾನ ಹಾರ್ನೆಸ್ ಉದ್ಯಮದಲ್ಲಿ ನೆಲೆಯೂರಲು ಅದೂ ಒಂದು ಕಾರಣ. ಲೋಹಗಳನ್ನು ಕಂಪನದಿಂದ ಬೆಸೆಯುವ ಈ ವಿಧಾನವನ್ನು ಅಮೆರಿಕದ ಪೆನ್ಸಿಲ್ವೇನಿಯಾದ ಏರೋಪ್ರಾಜೆಕ್ಟ್ಸ್ ಸಂಸ್ಥೆ 1950ರ ದಶಕದಲ್ಲಿ ರೂಪಿಸಿತು, 1960ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಐಸಿ ಚಿಪ್ಪುಗಳೊಳಗೆ ಕೂದಲಿಗಿಂತ ತೆಳ್ಳಗಿನ ತಂತಿಗಳನ್ನು ಜೋಡಿಸುವುದರ ಹಿಂದೆಯೂ ಇದೇ ತತ್ತ್ವವಿದೆ.

ಇನ್ನು ನಿಮ್ಮ ನಿಜವಾದ ಸಮಸ್ಯೆಗೆ ಬರೋಣ. ತಂತಿಯ ಮೇಲ್ಮೈ ಮೂರು ಬಗೆಯಲ್ಲಿ ಕೆಡುತ್ತದೆ. ಮೊದಲನೆಯದು ಆಕ್ಸೈಡ್. ಸುರುಳಿಯ ತುದಿ ತಿಂಗಳುಗಟ್ಟಲೆ ತೆರೆದಿದ್ದರೆ, ಅದರಲ್ಲೂ ಮಳೆಗಾಲದ ತೇವದಲ್ಲಿ, ತಾಮ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಪದರ ದಪ್ಪವಾದಷ್ಟೂ ಅದನ್ನು ಒಡೆಯುವುದಕ್ಕೇ ಶಕ್ತಿ ಖರ್ಚಾಗಿ ಬೆಸುಗೆಗೆ ಉಳಿಯುವುದು ಕಡಿಮೆ. ಎರಡನೆಯದು ಜಿಡ್ಡು. ತಂತಿ ಎಳೆಯುವಾಗ ಬಳಸಿದ ಎಣ್ಣೆಯ ಶೇಷ, ಪಿವಿಸಿ ಹೊದಿಕೆಯಿಂದ ಒಸರುವ ಪದಾರ್ಥ, ತುದಿಯ ಹೊದಿಕೆ ಸುಲಿಯುವ ಸ್ಟ್ರಿಪ್ಪಿಂಗ್ ಯಂತ್ರದ ಬ್ಲೇಡಿಗೆ ಹಾಕಿದ ಎಣ್ಣೆ, ಆಪರೇಟರಿನ ಬೆರಳ ಬೆವರು, ಇವೆಲ್ಲವೂ ಎಳೆಗಳ ನಡುವೆ ಜಾರುಪದರವಾಗಿ ನಿಂತುಬಿಡುತ್ತವೆ. ಮೂರನೆಯದು ಹೊದಿಕೆಯ ಚೂರು. ಸ್ಟ್ರಿಪ್ ಮಾಡಿದ ತುದಿಯಲ್ಲಿ ಪಿವಿಸಿಯ ಸಣ್ಣ ಬಾಲ ಉಳಿದು ಅನ್ವಿಲ್ ಕೆಳಗೆ ಸೇರಿಕೊಂಡರೆ ಆ ಜೋಡಣೆ ಕೆಟ್ಟಿತೆಂದೇ ಲೆಕ್ಕ. ಹೊದಿಕೆಯ ಅಂಚು ಬೆಸುಗೆಯ ತುಂಡಿನಿಂದ ಕೆಲವು ಮಿಲಿಮೀಟರ್ ದೂರದಲ್ಲಿರಬೇಕು. ಬೆಳಿಗ್ಗೆ ಸ್ಟ್ರಿಪ್ ಮಾಡಿಟ್ಟ ಕಟ್ಟನ್ನು ನಾಲ್ಕು ದಿನ ಬಿಟ್ಟು ವೆಲ್ಡ್ ಮಾಡುವ ಪದ್ಧತಿ ನಿಮ್ಮಲ್ಲಿದ್ದರೆ ಮೊದಲು ಅದನ್ನು ನಿಲ್ಲಿಸಿ. ಸ್ಟ್ರಿಪ್ ಮಾಡಿದ ದಿನವೇ ವೆಲ್ಡ್ ಆಗಬೇಕೆಂಬ ನಿಯಮ ಹಾಕಿಕೊಳ್ಳಿ. ಬರಿಗೈಯಲ್ಲಿ ತಾಮ್ರವನ್ನು ತಿರುಚಿ ಕೂರಿಸುವ ಅಭ್ಯಾಸವನ್ನೂ ಬಿಡಿಸಬೇಕು.

ಗಾಳಿಯ ವಿಷಯವನ್ನು ಬಹಳ ಮಂದಿ ಮರೆಯುತ್ತಾರೆ. ಹಾರ್ನ್ ಮತ್ತು ಅನ್ವಿಲ್ ನಡುವೆ ತಂತಿಯನ್ನು ಒತ್ತಿಹಿಡಿಯುವುದು ಹೆಚ್ಚಿನ ಯಂತ್ರಗಳಲ್ಲಿ ಕಂಪ್ರೆಸರಿನ ಗಾಳಿ. ನಾನು ನೋಡಲು ಹೋಗಿದ್ದ ಒಂದು ಘಟಕದಲ್ಲಿ ಜೋಡಣೆಗಳು ಕೆಲವು ಗಂಟೆ ಚೆನ್ನಾಗಿ ಬಂದು, ಆಮೇಲೆ ಕೆಡುತ್ತಿದ್ದವು. ಅದೇ ಗಾಳಿಯ ಕೊಳವೆಯಿಂದ ಹೊಸದಾಗಿ ಸಂಪರ್ಕ ಪಡೆದಿದ್ದ ಕ್ರಿಂಪಿಂಗ್ ಪ್ರೆಸ್‌ಗಳು ಒಟ್ಟಿಗೆ ಓಡಿದಾಗಲೆಲ್ಲ ವೆಲ್ಡಿಂಗ್ ಯಂತ್ರದ ಒತ್ತಡ ಕುಸಿಯುತ್ತಿತ್ತು. ಯಂತ್ರದ ಪಕ್ಕದಲ್ಲೇ ಪ್ರತ್ಯೇಕ ಗಾಳಿ ತೊಟ್ಟಿಯನ್ನೂ ರೆಗ್ಯುಲೇಟರನ್ನೂ ಇಟ್ಟ ಮೇಲೆ ಸರಿಹೋಯಿತು. ಒತ್ತಡದ ಮುಳ್ಳನ್ನು ಯಂತ್ರ ಸುಮ್ಮನಿರುವಾಗ ನೋಡಬೇಡಿ, ಇಡೀ ಸಾಲು ಕೆಲಸ ಮಾಡುತ್ತಿರುವಾಗ ನೋಡಿ.

ಈಗ ಯಂತ್ರದ ಪರದೆಯ ಮೇಲಿನ ಅಂಕಿಗಳನ್ನು ಓದುವ ಬಗೆಯನ್ನು ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಗೆ ಸಾಕ್ಷಿ ಅಲ್ಲಿಯೇ ಇದೆ. ತಂತಿಯ ಯಂತ್ರಗಳನ್ನು ಹೆಚ್ಚಾಗಿ ಶಕ್ತಿಯ ಆಧಾರದ ಮೇಲೆ ನಡೆಸುತ್ತಾರೆ: ಇಂತಿಷ್ಟು ಜೂಲ್ ಶಕ್ತಿ ಹೋದ ಕೂಡಲೇ ಕಂಪನ ನಿಲ್ಲಬೇಕು ಎಂದು ಹೇಳಿರುತ್ತೇವೆ. ಹಾಗಿರುವಾಗ ಶಕ್ತಿಯ ಅಂಕಿ ಪ್ರತಿ ಸಾರಿ ಒಂದೇ ಬರುತ್ತದೆ. ಅದನ್ನು ನೋಡಿ ಸಮಾಧಾನಪಡುವುದರಲ್ಲಿ ಅರ್ಥವಿಲ್ಲ. ನೋಡಬೇಕಾದದ್ದು ಆ ಶಕ್ತಿ ಒಳಹೋಗಲು ಹಿಡಿದ ಸಮಯವನ್ನು, ಒತ್ತಿಹಿಡಿದ ತಂತಿಕಟ್ಟಿನ ವೆಲ್ಡ್‌ಗೆ ಮುಂಚಿನ ಎತ್ತರವನ್ನು ಮತ್ತು ವೆಲ್ಡ್ ಆದ ಮೇಲಿನ ಎತ್ತರವನ್ನು. ಎಳೆಗಳ ನಡುವೆ ಜಿಡ್ಡಿದ್ದರೆ ಅವು ಸುಲಭವಾಗಿ ಜಾರುತ್ತವೆ, ಹಾರ್ನ್‌ಗೆ ಎದುರು ಬಲ ಕಡಿಮೆಯಾಗುತ್ತದೆ, ಜನರೇಟರ್ ಸೆಳೆಯುವ ವಿದ್ಯುತ್ ಇಳಿಯುತ್ತದೆ, ಹೀಗಾಗಿ ಅಷ್ಟೇ ಜೂಲ್‌ಗಳನ್ನು ಸೇರಿಸಲು ಯಂತ್ರ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಕೊನೆಯ ಎತ್ತರ ನಿಗದಿಗಿಂತ ಹೆಚ್ಚಿದ್ದರೆ ಎಳೆಗಳು ಸಾಕಷ್ಟು ಒತ್ತರಿಸಿಲ್ಲವೆಂದೂ, ಕಡಿಮೆಯಿದ್ದರೆ ಅತಿಯಾಗಿ ಜಜ್ಜಿಹೋಗಿವೆ ಅಥವಾ ತಂತಿಯೇ ಕಡಿಮೆಯಿದೆ ಎಂದೂ ತಿಳಿಯಬೇಕು. ನಿಮ್ಮ ಗಟ್ಟಿ ಜೋಡಣೆಗಳ ಸಮಯವನ್ನೂ ಬಿಟ್ಟುಕೊಂಡವುಗಳ ಸಮಯವನ್ನೂ ಎರಡು ಸಾಲಿನಲ್ಲಿ ಬರೆದು ಹೋಲಿಸಿ. ಬಹುಶಃ ವ್ಯತ್ಯಾಸ ಅಲ್ಲೇ ಎದ್ದು ಕಾಣುತ್ತದೆ. ಆಮೇಲೆ ಆ ಮೂರು ಅಂಕಿಗಳಿಗೂ ಮೇಲಿನ ಮತ್ತು ಕೆಳಗಿನ ಮಿತಿ ಹಾಕಿ, ಮಿತಿ ಮೀರಿದ ಜೋಡಣೆಯನ್ನು ಯಂತ್ರವೇ ತಿರಸ್ಕರಿಸುವಂತೆ ಮಾಡಿ.

ಆದರೆ ಈ ಕಾವಲಿಗೂ ಒಂದು ಎಲ್ಲೆಯಿದೆ. 0.5 ಚದರ ಮಿ.ಮೀ.ನ ನಾಲ್ಕು ವೈರುಗಳ ಸ್ಪ್ಲೈಸ್‌ನಲ್ಲಿ ಒಂದನ್ನು ಹಾಕಲು ಮರೆತರೆ ಒಟ್ಟು ತಾಮ್ರ ಕಾಲುಭಾಗ ಕಡಿಮೆಯಾಗುತ್ತದೆ. ವೆಲ್ಡ್‌ಗೆ ಮುಂಚಿನ ಎತ್ತರದಲ್ಲೇ ಯಂತ್ರ ಅದನ್ನು ಹಿಡಿಯುತ್ತದೆ. ಅದೇ, ಒಟ್ಟು 10 ಚದರ ಮಿ.ಮೀ.ನ ಕಟ್ಟಿನಲ್ಲಿ 0.35ರ ಒಂದು ಸಣ್ಣ ವೈರು ತಪ್ಪಿದರೆ ಕೊರತೆ ಶೇಕಡಾ 3.5 ಮಾತ್ರ, ಮತ್ತು ಅದು ಸಹಜ ಏರಿಳಿತದೊಳಗೆ ಮುಚ್ಚಿಹೋಗಬಹುದು. ಇನ್ನು ಸ್ಟ್ರಿಪ್ ಮಾಡುವಾಗ ಕತ್ತರಿಸಿಹೋದ ಎಳೆಗಳ ವಿಷಯ: 0.5 ಚದರ ಮಿ.ಮೀ. ವೈರಿನಲ್ಲಿ ಸಾಮಾನ್ಯವಾಗಿ 0.2 ಮಿ.ಮೀ. ದಪ್ಪದ 16 ಎಳೆಗಳಿರುತ್ತವೆ. ಅದರಲ್ಲಿ ಎರಡು ಹೋದರೆ ಯಾವ ಎತ್ತರದ ಮಾಪನವೂ ಹೇಳುವುದಿಲ್ಲ. ಅದನ್ನು ಕಣ್ಣೇ ನೋಡಬೇಕು. ಹಾರ್ನ್ ಮತ್ತು ಅನ್ವಿಲ್ ನಡುವೆ ವೈರುಗಳು ಕೂರುವ ಗೂಡಿನೊಳಗೆ ಅವನ್ನು ಇಡುವ ಕ್ರಮವೂ ಹಾಗೆಯೇ. ಸಾಮಾನ್ಯವಾಗಿ ಅವನ್ನು ಪಕ್ಕಪಕ್ಕದಲ್ಲಿ ಹರಡದೆ ಒಂದರ ಮೇಲೊಂದು ಬರುವಂತೆ ಇಡಬೇಕು, ಆಗ ಒತ್ತಡ ಎಲ್ಲ ಪದರಗಳ ಮೂಲಕವೂ ಹಾಯುತ್ತದೆ. ದಪ್ಪ ಮತ್ತು ತೆಳು ವೈರುಗಳು ಬೆರೆತಿದ್ದರೆ ಯಾವುದು ಎಲ್ಲಿರಬೇಕೆಂದು ಪ್ರಯೋಗದಿಂದ ನಿರ್ಧರಿಸಿ, ಅದರ ಚಿತ್ರವನ್ನು ಯಂತ್ರದ ಮೇಲೆ ಅಂಟಿಸಿ, ಪಾಳಿ ಬದಲಾದರೂ ಕ್ರಮ ಬದಲಾಗದಂತೆ ನೋಡಿಕೊಳ್ಳಿ.

ಹಾರ್ನ್‌ನ ಹಲ್ಲುಗಳು ಸವೆಯುವುದು ನಿಧಾನವಾಗಿ ಬರುವ ಕಾರಣ. ಸವೆದ ಹಲ್ಲು ತಂತಿಯನ್ನು ಕಚ್ಚದೆ ಅದರ ಮೇಲೆ ಜಾರುತ್ತದೆ. ಆಗ ಉಜ್ಜಾಟ ತಂತಿ ತಂತಿಗಳ ನಡುವೆ ನಡೆಯುವ ಬದಲು ಹಾರ್ನ್ ಮತ್ತು ತಂತಿಯ ನಡುವೆ ನಡೆದು, ಮೇಲ್ಮೈ ಹೊಳೆಯುತ್ತದೆ, ಒಳಗೆ ಬೆಸುಗೆ ಇರುವುದಿಲ್ಲ. ನಮ್ಮಲ್ಲಿ ಇಂಥ ಹಾರ್ನನ್ನು ಹತ್ತಿರದ ಟೂಲ್ ರೂಮಿನಲ್ಲಿ ಉಜ್ಜಿಸಿ ತರುವ ಅಭ್ಯಾಸವಿದೆ. ಇದು ಅಪಾಯದ ಉಳಿತಾಯ. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್ ಆದ್ದರಿಂದ 20 ಕಿಲೋಹರ್ಟ್ಜ್‌ನಲ್ಲಿ ಅರ್ಧ ತರಂಗದ ಉದ್ದ ಹೆಚ್ಚುಕಡಿಮೆ 12.5 ಸೆಂಟಿಮೀಟರ್ ಆಗುತ್ತದೆ, ಮತ್ತು ಹಾರ್ನ್‌ನ ಉದ್ದವನ್ನು ಆ ಲೆಕ್ಕಕ್ಕೆ ಹೊಂದಿಸಿಯೇ ಮಾಡಿರುತ್ತಾರೆ. ಆಕಾರ ಬದಲಾದರೆ ಅದರ ಸಹಜ ಕಂಪನವೂ ಬದಲಾಗಿ ಜನರೇಟರಿನ ಜೊತೆಗಿನ ತಾಳ ತಪ್ಪುತ್ತದೆ. ಎಷ್ಟು ಸಾವಿರ ವೆಲ್ಡ್‌ಗೆ ಹಾರ್ನ್‌ನ ಮುಖ ತಿರುಗಿಸಬೇಕು, ಎಷ್ಟಕ್ಕೆ ಬದಲಿಸಬೇಕು ಎಂಬುದನ್ನು ತಯಾರಕರಿಂದ ಬರವಣಿಗೆಯಲ್ಲಿ ಪಡೆದು, ಎಣಿಕೆ ಇಡಿ.

ಪರೀಕ್ಷೆಯ ಬಗ್ಗೆ: ಕೈಯಲ್ಲಿ ಎಳೆದು ನೋಡುವುದು ಪರೀಕ್ಷೆಯಲ್ಲ. ನೇರ ಎಳೆತದ ಪರೀಕ್ಷೆಯಲ್ಲಿ ಸ್ಪ್ಲೈಸ್‌ನ ಅತಿ ತೆಳುವಾದ ವೈರನ್ನು ಉದ್ದಕ್ಕೆ ಎಳೆಯುತ್ತಾರೆ. ಮೆದುಗೊಳಿಸಿದ ತಾಮ್ರದ 0.5 ಚದರ ಮಿ.ಮೀ. ವೈರು ತಾನೇ ಹರಿಯುವುದು ಸುಮಾರು 110 ನ್ಯೂಟನ್‌ಗೆ, ಅಂದರೆ 11 ಕಿಲೋ ತೂಕ ತೂಗುಹಾಕಿದಷ್ಟಕ್ಕೆ. ಜೋಡಣೆಯಿಂದ ಅದರ ಬಹುಪಾಲು ಬಲವನ್ನು ನಿರೀಕ್ಷಿಸಬಹುದು, ನಿಖರವಾದ ಕನಿಷ್ಠ ಮಿತಿಯನ್ನು ಮಾತ್ರ ಗ್ರಾಹಕರ ಡ್ರಾಯಿಂಗಿನಿಂದಲೇ ತೆಗೆದುಕೊಳ್ಳಬೇಕು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಸತ್ಯ ಹೇಳುವುದು ಸುಲಿಯುವ ಪರೀಕ್ಷೆ, ಕಾರ್ಖಾನೆಗಳಲ್ಲಿ ಪೀಲ್ ಟೆಸ್ಟ್ ಎನ್ನುವುದು. ಬೆಸುಗೆಯ ತುಂಡಿನಿಂದ ಒಂದು ವೈರನ್ನು ಬಾಗಿಸಿ ಮೇಲಕ್ಕೆ ಸುಲಿದಾಗ, ಒಳ್ಳೆಯ ಜೋಡಣೆಯಲ್ಲಿ ಎಳೆಗಳು ಹರಿದು ತುಂಡಿನ ಮೇಲೆ ಒರಟಾದ, ಮಾಸಲು ತಾಮ್ರದ ಗುರುತು ಬಿಡುತ್ತವೆ. ಕೆಟ್ಟ ಜೋಡಣೆಯಲ್ಲಿ ಎಳೆಗಳು ಒಂದೊಂದಾಗಿ, ನಯವಾಗಿ ಬಿಡಿಸಿಕೊಂಡು ಬರುತ್ತವೆ. ಅತಿಯಾಗಿ ವೆಲ್ಡ್ ಆದದ್ದು ಮೂರನೆಯ ಬಗೆ: ತುಂಡು ಕಲ್ಲಿನಂತಿರುತ್ತದೆ, ಆದರೆ ಅದರ ಅಂಚಿನಲ್ಲೇ ಎಳೆಗಳು ಕತ್ತರಿಸಿದಂತೆ ಮುರಿಯುತ್ತವೆ. ವಾಹನದ ಅದುರಾಟದಲ್ಲಿ ಮೊದಲು ಹೋಗುವುದು ಇಂಥವು. ಹಾರ್ನೆಸ್‌ನ ಕೆಲಸದ ಗುಣಮಟ್ಟಕ್ಕೆ ಐಪಿಸಿ/ಡಬ್ಲ್ಯೂಎಚ್‌ಎಂಎ-ಎ-620 ಎಂಬ ಮಾನದಂಡವಿದೆ, ವೈರನ್ನು ಟರ್ಮಿನಲ್‌ಗೆ ಅಲ್ಟ್ರಾಸಾನಿಕ್ ವೆಲ್ಡ್ ಮಾಡುವುದಕ್ಕೆ ವಾಹನೋದ್ಯಮದಲ್ಲಿ ಯುಎಸ್‌ಕಾರ್-38 ಬಳಕೆಯಲ್ಲಿದೆ. ಗ್ರಾಹಕರು ಯಾವುದನ್ನು ಕೇಳುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಒಂದೇ ಗಿಡ್ಡ ವೈರಿನ ಎರಡು ತುದಿಗಳಲ್ಲಿ ಎರಡು ವೆಲ್ಡ್ ಬರುವುದಿದ್ದರೆ, ಎರಡನೆಯದನ್ನು ಮಾಡುವಾಗಿನ ಕಂಪನ ವೈರಿನ ಮೂಲಕ ಹರಿದು ಮೊದಲನೆಯದನ್ನು ಸಡಿಲಿಸಬಲ್ಲದು. ಆ ಮೊದಲ ಜೋಡಣೆ ಯಂತ್ರದ ಪರೀಕ್ಷೆಯಲ್ಲಿ ಆಗಲೇ ಪಾಸಾಗಿರುತ್ತದೆಯಾದ್ದರಿಂದ ಈ ದೋಷ ಗ್ರಾಹಕರ ಕೈಯಲ್ಲೇ ಹೊರಬೀಳುತ್ತದೆ. ಎರಡು ಸ್ಪ್ಲೈಸ್‌ಗಳ ನಡುವಿನ ಅಂತರ ಹೆಚ್ಚಿಸುವುದು, ವೆಲ್ಡ್ ಮಾಡುವಾಗ ನಡುವಿನ ವೈರನ್ನು ರಬ್ಬರ್ ಹಿಡಿಕೆಯಿಂದ ಬಿಗಿಹಿಡಿಯುವುದು, ಕ್ರಮ ಅದಲುಬದಲು ಮಾಡುವುದು ಇದಕ್ಕೆ ಪರಿಹಾರ. ಎಳೆತದ ಪರೀಕ್ಷೆಯನ್ನು ಎಲ್ಲ ವೆಲ್ಡ್‌ಗಳೂ ಮುಗಿದ ನಂತರದ ಹಾರ್ನೆಸ್ ಮೇಲೆಯೇ ಮಾಡಬೇಕು.

ತವರ ಲೇಪಿಸಿದ ತಂತಿಗೆ ನನ್ನ ಸಲಹೆ ಚಿಕ್ಕದು: ಸಾಧ್ಯವಾದರೆ ಬೇಡ. ತವರ 232 ಡಿಗ್ರಿಗೇ ಕರಗುತ್ತದೆ, ಅದಕ್ಕಿಂತ ಮುಂಚೆಯೇ ಮೆದುವಾಗಿ ಎಳೆಗಳ ನಡುವೆ ಜಾರುಪದರವಾಗುತ್ತದೆ, ಹಾರ್ನ್‌ನ ಹಲ್ಲುಗಳಲ್ಲಿ ತುಂಬಿಕೊಳ್ಳುತ್ತದೆ. ವೆಲ್ಡ್ ಆಗುವುದೇ ಇಲ್ಲವೆಂದಲ್ಲ, ಆದರೆ ಸೆಟ್ಟಿಂಗ್‌ನಲ್ಲಿ ಸಿಗುವ ಅವಕಾಶ ತೀರಾ ಕಿರಿದು. ಗ್ರಾಹಕರನ್ನು ಕೇಳಿ ಬರಿ ತಾಮ್ರಕ್ಕೆ ಬದಲಿಸಿ, ಆಗದಿದ್ದರೆ ಆ ವೈರುಗಳನ್ನು ಕ್ರಿಂಪ್‌ನಲ್ಲೇ ಉಳಿಸಿ. ಒಂಟಿ ದಪ್ಪ ಎಳೆಯ ವೈರುಗಳೂ ಸ್ಪ್ಲೈಸ್ ಯಂತ್ರಕ್ಕೆ ಹೇಳಿದ್ದಲ್ಲ.

ಅಲ್ಯೂಮಿನಿಯಂ ವಿಷಯ ಇದಕ್ಕೆ ತದ್ವಿರುದ್ಧ; ಈ ವಿಧಾನದ ನಿಜವಾದ ಬೆಲೆ ಗೊತ್ತಾಗುವುದೇ ಅಲ್ಲಿ. ಅಲ್ಯೂಮಿನಿಯಂನ ವಾಹಕತೆ ತಾಮ್ರದ ಸುಮಾರು ಶೇಕಡಾ 61ರಷ್ಟು, ಸಾಂದ್ರತೆ ಮೂರನೇ ಒಂದಕ್ಕಿಂತಲೂ ಕಡಿಮೆ. ಹಾಗಾಗಿ ಅಷ್ಟೇ ರೋಧಕ್ಕೆ ಅಡ್ಡಕೊಯ್ತದ ವಿಸ್ತೀರ್ಣ 1.6 ಪಟ್ಟು ಇರುವ ವೈರು ಬೇಕಾದರೂ ತೂಕ ಅರ್ಧಕ್ಕೆ ಇಳಿಯುತ್ತದೆ. ವಿದ್ಯುತ್ ಕಾರುಗಳ ಬ್ಯಾಟರಿ ಕೇಬಲ್‌ಗಳಲ್ಲಿ ಅದು ಕಾಣಿಸಿಕೊಳ್ಳುತ್ತಿರುವುದು ಇದೇ ಕಾರಣಕ್ಕೆ. ಅದರ ತೊಡಕು ಮೇಲ್ಮೈಯಲ್ಲಿದೆ. ಲೋಹ 660 ಡಿಗ್ರಿಗೆ ಕರಗಿದರೆ, ಅದರ ಮೇಲೆ ಗಾಳಿ ತಾಗಿದ ಕೂಡಲೇ ಬೆಳೆಯುವ ಆಕ್ಸೈಡ್ 2,000 ಡಿಗ್ರಿ ದಾಟಿದರೂ ಕರಗದು, ವಿದ್ಯುತ್ತನ್ನೂ ಬಿಡದು. ಕ್ರಿಂಪ್ ಮಾಡಿದರೆ ಮೆದು ಲೋಹ ಒತ್ತಡಕ್ಕೆ ನಿಧಾನವಾಗಿ ಹರಿದು ಹಿಡಿತ ಸಡಿಲವಾಗುತ್ತದೆ. ಕರಗಿಸಿ ತಾಮ್ರದೊಂದಿಗೆ ಸೇರಿಸಿದರೆ ಎರಡರ ನಡುವೆ ಪೆಡಸಾದ ಸಂಯುಕ್ತದ ಪದರ ದಪ್ಪವಾಗಿ ಬೆಳೆಯುತ್ತದೆ. ಉಜ್ಜಾಟವಾದರೋ ಆಕ್ಸೈಡನ್ನು ಒಡೆಯುತ್ತದೆ, ಲೋಹವನ್ನು ಕರಗಿಸುವುದಿಲ್ಲ, ಸಮಯವೂ ಕಡಿಮೆಯಾದ್ದರಿಂದ ಆ ಪೆಡಸು ಪದರ ತೆಳುವಾಗಿಯೇ ಉಳಿಯುತ್ತದೆ. ಆದರೆ ತಾಮ್ರ ಮತ್ತು ಅಲ್ಯೂಮಿನಿಯಂ ಸೇರಿದ ಜಾಗಕ್ಕೆ ಉಪ್ಪು ನೀರು ತಾಗಿದರೆ ಅಲ್ಯೂಮಿನಿಯಂ ತುಕ್ಕು ತಿಂದಂತೆ ಸವೆಯುತ್ತಾ ಹೋಗುತ್ತದೆ, ಎಷ್ಟೇ ಒಳ್ಳೆಯ ವೆಲ್ಡ್ ಆಗಿದ್ದರೂ ಅದನ್ನು ತಡೆಯಲಾರದು. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆಯಿಂದ ಪೂರ್ತಿ ಮುಚ್ಚದೆ ಇಂಥ ಜೋಡಣೆಯನ್ನು ವಾಹನಕ್ಕೆ ಕೊಡಬಾರದು.

ಹಾಗೆಂದು ಇರುವ ಕ್ರಿಂಪಿಂಗ್ ಪ್ರೆಸ್‌ಗಳನ್ನು ಮಾರಿಬಿಡಬೇಡಿ. ಒಂದು ವೈರಿಗೆ ಒಂದು ಟರ್ಮಿನಲ್ ಹಾಕುವ ಕೆಲಸದಲ್ಲಿ ಸರಿಯಾಗಿ ಮಾಡಿದ ಕ್ರಿಂಪ್ ಇಂದಿಗೂ ಅಗ್ಗ, ವೇಗ, ನಂಬಿಕೆಗೆ ಅರ್ಹ. ಸೋಲ್ಡರ್ ಬಿಡುವುದಕ್ಕೆ ಮಾತ್ರ ನನ್ನ ಸಂಪೂರ್ಣ ಒಪ್ಪಿಗೆಯಿದೆ: ಕರಗಿದ ಸೋಲ್ಡರ್ ಎಳೆಗಳ ನಡುವೆ ಹೀರಿಕೊಂಡು ಹೊದಿಕೆಯ ಒಳಗಿನವರೆಗೂ ಹೋಗಿ ಬಳುಕುವ ವೈರನ್ನು ಕಡ್ಡಿಯಂತೆ ಮಾಡುತ್ತದೆ, ಮತ್ತು ಕಡ್ಡಿ ಮುಗಿದು ಬಳುಕು ಶುರುವಾಗುವ ಬಿಂದುವಿನಲ್ಲೇ ಅದುರಾಟಕ್ಕೆ ವೈರು ತುಂಡಾಗುತ್ತದೆ. ಮೂರು, ಐದು, ಎಂಟು ವೈರುಗಳು ಒಂದೆಡೆ ಸೇರುವ ಅರ್ಥ್ ಮತ್ತು ಸಪ್ಲೈ ಸ್ಪ್ಲೈಸ್‌ಗಳು ನಿಮ್ಮಲ್ಲಿ ಹೆಚ್ಚಿದ್ದರೆ ಅಲ್ಟ್ರಾಸಾನಿಕ್ ಯಂತ್ರ ತನ್ನ ಖರ್ಚನ್ನು ತಾನೇ ಹೊರುತ್ತದೆ. ಕ್ಲಿಪ್ಪೂ ಬೇಡ, ಸೋಲ್ಡರೂ ಬೇಡ, ಫ್ಲಕ್ಸೂ ಬೇಡ.

ಕೊಳ್ಳುವ ನಿರ್ಧಾರಕ್ಕೆ ಮುನ್ನ ಮಾರಾಟಗಾರರ ಪ್ರದರ್ಶನವನ್ನು ಅವರ ತಂತಿಯಲ್ಲಿ ನೋಡಬೇಡಿ. ಅವರು ತರುವುದು ಹೊಸ ಸುರುಳಿಯ, ಆಗಷ್ಟೇ ಸ್ಟ್ರಿಪ್ ಮಾಡಿದ ತಾಮ್ರ. ಅದರಲ್ಲಿ ಯಾವ ಯಂತ್ರವೂ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಉಗ್ರಾಣದಲ್ಲಿ ಹಳೆಯದಾದ ಸುರುಳಿಯನ್ನೂ, ನಿಮಗೆ ಪೂರೈಸುವ ಬೇರೆ ಬೇರೆ ಕಂಪನಿಗಳ ವೈರನ್ನೂ, ನಿಮ್ಮ ಅತಿ ಕಷ್ಟದ ದಪ್ಪ-ತೆಳು ಮಿಶ್ರಣವನ್ನೂ ಕೊಂಡೊಯ್ದು ಪ್ರತಿಯೊಂದರಲ್ಲಿ ಕನಿಷ್ಠ 30 ಜೋಡಣೆ ಮಾಡಿಸಿ, ಅಲ್ಲಿಯೇ ಸುಲಿದು ನೋಡಿ. ಯಂತ್ರ ಕೆಲಸ ಮಾಡುವಾಗ ಬರುವ ಕಿರುಚು ಸದ್ದನ್ನೂ ಕೇಳಿ, ಇಡೀ ಪಾಳಿ ಅದರ ಮುಂದೆ ಕೂರುವವರಿಗೆ ಕಿವಿಯ ರಕ್ಷಣೆ ಬೇಕಾಗುತ್ತದೆ. ಯಂತ್ರದ ಬೆಲೆಯ ಜೊತೆಗೆ ಹಾರ್ನ್, ಅನ್ವಿಲ್ ಮತ್ತು ಗೂಡಿನ ಪಕ್ಕದ ತಟ್ಟೆಗಳ ಬೆಲೆಯನ್ನೂ, ಅವು ಬೆಂಗಳೂರಿನಲ್ಲೇ ದಾಸ್ತಾನಿವೆಯೇ ಅಥವಾ ವಿದೇಶದಿಂದ ಬರಬೇಕೇ ಎಂಬುದನ್ನೂ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.